ಹೆಚ್ಚಿದ ಬಳೆಯ ಲೆಕ್ಕ

ಹಪ್ಪಳ ಲಟ್ಟಿಸುವ ದಿನ ಹೆಂಗಸರಿಗೆ ಯಾರೂ ಸುದ್ದಿ ತರಬಾರದು ಎಂದು ನನ್ನ ಅಭಿಪ್ರಾಯ. ಒಳ್ಳೆಯ ಸುದ್ದಿಯಾದರೆ ಎದ್ದು ಹೋಗಿ ದೇವರ ಮುಂದೆ ನಿಲ್ಲುವ ಹಾಗಿಲ್ಲ. ಕೆಟ್ಟ ಸುದ್ದಿಯಾದರೆ ಸೆರಗು ಎಳೆದು ಕಣ್ಣೊರೆಸಿಕೊಳ್ಳುವ ಹಾಗಿಲ್ಲ. ಎರಡು ಕೈಗೂ ಎಣ್ಣೆ, ಹಿಟ್ಟು, ಮೆಣಸಿನ ಖಾರ. ಅಂಥ ಕೈ ಕಣ್ಣಿಗೆ ತಾಗಿದರೆ ಬಂದ ದುಃಖವೇ ಮರೆತುಹೋಗುತ್ತದೆ ಎನ್ನುವುದೊಂದು ಅನುಕೂಲ, ಅಷ್ಟೆ. ಆ ಮಧ್ಯಾಹ್ನ ಒಂಟಿಕೊಪ್ಪಲಿನ ನಮ್ಮ ಮನೆಯ ಹಿತ್ತಿಲ ಜಗಲಿಯಲ್ಲಿ ನಾನೂ ಪಕ್ಕದ ಮನೆಯ ಕಮಲಮ್ಮನವರೂ ಎದುರುಬದುರು ಕೂತು ಉದ್ದಿನ ಹಿಟ್ಟಿನ ಉಂಡೆಗಳ ಜೊತೆ ಹೆಣಗುತ್ತಿದ್ದೆವು. ಕಮಲಮ್ಮನವರ ಹಪ್ಪಳ ಹುಣ್ಣಿಮೆ ಚಂದ್ರನ ಹಾಗೆ ಬರುತ್ತದೆ. ನನ್ನದು ಭೂಪಟದ ಹಾಗೆ. ಎಣ್ಣೆಗೆ ಬಿದ್ದ ಮೇಲೆ ಎರಡೂ ಒಂದೇ ಎಂದು ನಾನು ಸಮಾಧಾನ ಮಾಡಿಕೊಳ್ಳುತ್ತಿರುವಾಗ ಹಿತ್ತಿಲ ಬಾಗಿಲು ತಳ್ಳಿಕೊಂಡು ರುಕ್ಮಿಣಿ ಟೀಚರು ಬಂದರು. ನಮ್ಮ ಗಿರಿಜೆ ಎರಡನೇ ಕ್ಲಾಸು. ಅವಳ ಕ್ಲಾಸಿನ ಟೀಚರು ಇವರು.

"ಏಳ್ಬೇಡಿ ಕಣ್ರೀ, ಕೂತ್ಕಳಿ. ಒಂದು ಮಾತು ಹೇಳಿ ಹೊರಟ್ಬುಡ್ತೀನಿ" ಎಂದರು. ಹೊರಟುಬಿಡುವವರ ಹಾಗೇನೂ ಕಾಣಲಿಲ್ಲ. ಮಣೆ ಎಳೆದುಕೊಂಡು ಕೂತರು. ಒಂದು ಹಸಿ ಹಪ್ಪಳದ ಉಂಡೆ ಬಾಯಿಗೆ ಹಾಕಿಕೊಂಡರು. ಆಮೇಲೆ ಹೇಳಿದರು: "ಮಗೀಗೆ ಕೂಡೋ ಲೆಕ್ಕ ಚೆನ್ನಾಗಿ ಬರ್ತದೆ. ಕಳೆಯೋ ಲೆಕ್ಕ ಒಂದೂ ಬರಲ್ಲ. ಕೇಳಿದ್ದೊಂದು, ಹೇಳೋದೊಂದು. ನಮ್ಮ ಹೆಡ್‌ಮಿಸ್ಟ್ರೆಸ್ಸು, ಈ ಮಗು ಬುದ್ಧಿ ಸ್ವಲ್ಪ ಮಂದ, ಒಂದನೇ ಕ್ಲಾಸಿಗೆ ಇಳಿಸ್ಬುಡೋಣ ಅಂತಾರೆ. ನಾನೇ ತಡೆದಿದ್ದೀನಿ. ಕಾಲೇಜಿನಲ್ಲಿ ಮನಶ್ಶಾಸ್ತ್ರದೋರು ಒಬ್ಬರಿದ್ದಾರೆ, ಮಕ್ಕಳ ಬುದ್ಧಿ ಅಳೀತಾರೆ. ಅವರು ಏನಂತಾರೋ ನೋಡಿ ಆಮೇಲೆ ತೀರ್ಮಾನ ಮಾಡೋಣ ಅಂತ ಒಪ್ಸಿದ್ದೀನಿ. ನಾಡಿದ್ದು ಸಾಯಂಕಾಲ ಕರ್ಕೊಂಡು ಹೋಗಿ."

ನನ್ನ ಕೈಯಲ್ಲಿದ್ದ ಹಪ್ಪಳ ಆಗಲೇ ಭೂಪಟ; ಈಗ ಅದರಲ್ಲಿ ಒಂದು ಸಮುದ್ರವೂ ಆಯಿತು. ಮಂದ ಎನ್ನುವ ಮಾತು ಒಂದು ಸಲ ಅಂಟಿದರೆ ಹೆಣ್ಣುಮಗುವಿನ ಹೆಸರಿನ ಜೊತೆ ಅದೂ ಬೆಳೆಯುತ್ತದೆ ಎನ್ನುವುದು ನನಗೆ ಗೊತ್ತು. ನಮ್ಮ ತವರಿನ ಬೀದಿಯಲ್ಲೊಬ್ಬಳಿದ್ದಳು. ಚಿಕ್ಕಂದಿನಲ್ಲಿ ಯಾರೋ 'ಪೆದ್ದಿ' ಎಂದರು, ಮೊಮ್ಮಕ್ಕಳಾದರೂ ಅವಳು 'ಪೆದ್ದಕ್ಕ'ನೇ. ಅವಳು ಮಾಡುತ್ತಿದ್ದ ನಿಂಬೆಕಾಯಿ ಉಪ್ಪಿನಕಾಯಿಗೆ ಊರೇ ಬಾಯಿ ಬಿಡುತ್ತಿತ್ತು. ಆದರೂ ಜನ "ಪೆದ್ದಕ್ಕನ ಉಪ್ಪಿನಕಾಯಿ" ಎಂದೇ ಕೇಳಿ ಈಸಿಕೊಂಡು ಹೋಗುತ್ತಿದ್ದರು. ಇನ್ನು ನನ್ನ ಗಿರಿಜೆ ಒಂದನೇ ಕ್ಲಾಸಿನ ಮಣೆಯ ಮೇಲೆ, ಮೂಗು ಸುರಿಸುವ ಚಿಕ್ಕ ಮಕ್ಕಳ ನಡುವೆ ಮಂಡಿ ಮಡಿಸಿಕೊಂಡು ಕೂತಿರುವುದು ಕಣ್ಣಿಗೆ ಕಟ್ಟಿತು.

ಟೀಚರು ಹೋದ ಮೇಲೆ ಕಮಲಮ್ಮನವರು ನನಗೆ ಧೈರ್ಯ ಹೇಳಿದರು. ಅವರು ಧೈರ್ಯ ಹೇಳಿದರೆ ಇದ್ದ ಧೈರ್ಯವೂ ಹೋಗುತ್ತದೆ. "ಹೆದರ್ಕೋಬೇಡಿ ಕಣ್ರೀ. ತಲೆಗೆ ಎರಡು ತಂತಿ ಕಟ್ತಾರಂತೆ, ಅಷ್ಟೇಯ. ಮುಳ್ಳು ತಿರುಗುತ್ತಂತೆ. ಎಲ್ಲಿ ನಿಲ್ತದೋ ಅಷ್ಟು ಬುದ್ಧಿ. ನೋವಾಗಲ್ವಂತೆ" ಎಂದರು. ರಾತ್ರಿ ನಮ್ಮವರಿಗೆ ಹೇಳಿದೆ. ಅವರು ಸರ್ಕಾರಿ ಕಛೇರಿಯಲ್ಲಿ ಗುಮಾಸ್ತರು, ಯಾವುದಕ್ಕೂ ಬೆಚ್ಚುವವರಲ್ಲ. "ಅಳೀಲಿ ಬುಡು. ನಮ್ಮ ಕಛೇರಿಗೆ ಆ ಯಂತ್ರ ತಂದ್ರೆ ಅರ್ಧ ಜನ ಮೇಜಿನ ಕೆಳಗೆ ಬಚ್ಚಿಟ್ಕೋತಾರೆ" ಎಂದು ಮಗ್ಗುಲು ತಿರುಗಿ ಮಲಗಿಬಿಟ್ಟರು. ಅವರ ಹಾಗೆ ನಿದ್ದೆ ಮಾಡುವುದಕ್ಕೂ ಪುಣ್ಯ ಬೇಕು. ನಾನು ಮಲಗಿದಲ್ಲಿಂದಲೇ ನಂಜನಗೂಡಿನ ಸ್ವಾಮಿಗೆ ಒಂದು ಉರುಳುಸೇವೆ ಹೇಳಿಕೊಂಡೆ. ಅದು ಸಾಲದೇನೋ ಎನ್ನಿಸಿ, ತಾಯಿ ಚಾಮುಂಡಿಗೂ ಕಾಲುನಡಿಗೆಯಲ್ಲಿ ಬೆಟ್ಟ ಹತ್ತಿ ಬರುತ್ತೇನೆ ಎಂದೆ. ನನ್ನ ಮಂಡಿಯನ್ನು ಒಂದು ಮಾತು ಕೇಳಲಿಲ್ಲ.

ಮಾರನೆಯ ದಿನವೆಲ್ಲ ಗಿರಿಜೆಯನ್ನು ತಯಾರು ಮಾಡಿದ್ದೇ ಮಾಡಿದ್ದು. ಬೆಳಿಗ್ಗೆ ಒಂದೆಲಗದ ಚಟ್ನಿ, ಮಧ್ಯಾಹ್ನ ಒಂದೆಲಗದ ತಂಬುಳಿ, ಸಾಯಂಕಾಲ ಒಂದೆಲಗ ಅರೆದು ಹಾಲಿಗೆ ಬೆರೆಸಿ ಕೊಟ್ಟೆ. ಬುದ್ಧಿಗೆ ಒಳ್ಳೆಯದು ಎನ್ನುತ್ತಾರೆ. ಬುದ್ಧಿಗೆ ಏನಾಯಿತೋ ಕಾಣೆ, ಮಗು ರಾತ್ರಿಯೆಲ್ಲ ಎದ್ದೆದ್ದು ಹಿತ್ತಿಲಿಗೆ ಓಡಿತು. ಮಗ್ಗಿ ಹೇಳಿಸಿದೆ, ವಾರ ತಿಂಗಳು ಹೇಳಿಸಿದೆ, ನದಿಗಳನ್ನು ಹೇಳಿಸಿದೆ. ಕೇಳಿದ್ದಕ್ಕೆಲ್ಲ ತಡವರಿಸದೆ ಹೇಳಿದಳು. ಇಂಥ ಮಗುವನ್ನು ಮಂದ ಎನ್ನುತ್ತಾರಲ್ಲ ಎಂದು ಸಂಕಟವಾಯಿತು.

ಬೇರೆಯವರ ಮಕ್ಕಳಿಗೆ ಏನು ಬರುತ್ತದೋ ಬಿಡುತ್ತದೋ, ನನ್ನ ಮಗಳ ನಾಲಗೆ ಮಾತ್ರ ಶುದ್ಧ ಎಂಬ ಹೆಮ್ಮೆ ನನಗಿತ್ತು. ಅದು ನಮ್ಮ ಅತ್ತೆಯವರ ಶಿಕ್ಷಣ. ಅವರು ಲಿಂಗೈಕ್ಯರಾಗುವ ತನಕ ನಮ್ಮ ಮನೆಯಲ್ಲಿ ಒಂದು ಅಶುಭದ ಮಾತು ಹೊಸಿಲು ದಾಟಿ ಒಳಗೆ ಬಂದದ್ದಿಲ್ಲ. ಡಬ್ಬಿಯಲ್ಲಿ ಅಕ್ಕಿ ಮುಗಿದರೆ 'ಅಕ್ಕಿ ಇಲ್ಲ' ಎನ್ನಬಾರದು, 'ಅಕ್ಕಿ ತುಂಬಿದೆ' ಎನ್ನಬೇಕು. ಬಳೆ ಒಡೆದರೆ 'ಬಳೆ ಹೆಚ್ಚಿತು'. ದೀಪ ಆರಿಸಬೇಕಾದರೆ 'ದೀಪ ದೊಡ್ಡದು ಮಾಡು'. ಯಾರೂ 'ಹೋಗ್ತೀನಿ' ಎನ್ನಬಾರದು, 'ಹೋಗಿ ಬರ್ತೀನಿ' ಎನ್ನಬೇಕು. ಇದೆಲ್ಲ ಎಲ್ಲರ ಮನೆಯಲ್ಲೂ ಅಷ್ಟಿಷ್ಟು ಇದ್ದದ್ದೇ. ಅತ್ತೆಯವರು ಮಾತ್ರ ಸಂಚಾರಿ ಪೊಲೀಸಿನವರ ಹಾಗೆ ನಿಂತು ಕಾಯುತ್ತಿದ್ದರು. ಮದುವೆಯಾದ ಹೊಸದರಲ್ಲಿ ನಾನೊಮ್ಮೆ ಮರೆತು "ಎಣ್ಣೆ ಇಲ್ಲ" ಎಂದುಬಿಟ್ಟೆ. ಅವರು ಎದ್ದು ಹೋಗಿ ದೇವರ ಕೋಣೆಯಲ್ಲಿ ಗಂಟೆ ಬಾರಿಸಿ ಬಂದರು. ಆ ಗಂಟೆ ಈಗಲೂ ನನ್ನ ಕಿವಿಯಲ್ಲಿದೆ. ಅವರ ತೊಡೆಯ ಮೇಲೆ ಬೆಳೆದ ಗಿರಿಜೆಗೆ ಈ ಮಾತುಗಳೆಲ್ಲ ಹಾಲಿನ ಜೊತೆಗೇ ಇಳಿದಿದ್ದವು.

ಪರೀಕ್ಷೆಯ ಸಾಯಂಕಾಲ ಜಟಕಾ ಮಾಡಿಕೊಂಡು ಹೋದೆವು. ಗಿರಿಜೆಯ ಹಣೆಗೆ ವಿಭೂತಿ ಒಂದು ಎಳೆ ಹೆಚ್ಚಾಗಿಯೇ ಇಟ್ಟಿದ್ದೆ. ಕಾಲೇಜಿನ ಕೊನೆಯ ಕೋಣೆಯಲ್ಲಿ ಬುದ್ಧಿ ಅಳೆಯುವವರು ಕೂತಿದ್ದರು. ಲೀಲಾವತಿ ಎಂದು ಹೆಸರು. ಮದ್ರಾಸಿನ ಕಡೆ ಓದಿ ಬಂದವರು, ಕನ್ನಡಕ, ಖಾದಿ ಸೀರೆ, ವಯಸ್ಸು ನನಗಿಂತ ಚಿಕ್ಕದೇ. ಮೊದಲು ಕೋಣೆಯ ಮೂಲೆಮೂಲೆ ನೋಡಿದೆ. ತಂತಿಯೂ ಇಲ್ಲ, ಮುಳ್ಳೂ ಇಲ್ಲ. ಒಂದು ಮೇಜು, ಎರಡು ಕುರ್ಚಿ, ಒಂದು ಮರದ ಪೆಟ್ಟಿಗೆ, ಕೆಲವು ಚಿತ್ರಗಳು. ಅರ್ಧ ಜೀವ ಆಗಲೇ ಬಂತು.

ಆದರೆ ಮೊದಲ ಪ್ರಶ್ನೆ ಬಂದದ್ದು ನನಗೇ. "ಮಗುವಿನ ತಂದೆ ಹೆಸರು ಏನಮ್ಮ?" ಎಂದರು ಲೀಲಾವತಿಯವರು. ಗಂಡನ ಹೆಸರನ್ನು ನಾನು ಹೇಗೆ ಹೇಳಲಿ? ಮಗಳ ಮುಖ ನೋಡಿದೆ. ಅವಳು "ಅಪ್ಪ" ಎಂದಳು. "ಅಪ್ಪನ್ನ ಅಮ್ಮ ಏನಂತ ಕರೀತಾರೆ ಮರಿ?" "ರೀ ಅಂತ." ಲೀಲಾವತಿಯವರು ಪೆನ್ನು ಹಿಡಿದುಕೊಂಡು ಕಾದರು. ನಾನು ಹೇಳಿದೆ, "ಕಪಿಲಾ ನದಿ ದಂಡೇಲಿ ದೊಡ್ಡ ಗುಡಿ ಇದೆಯಲ್ಲ ತಾಯಿ, ಅಲ್ಲಿರೋ ದೇವ್ರು." "ನಂಜುಂಡೇಶ್ವರನಾ?" "ಹತ್ತಿರ ಬಂದ್ರಿ. ಕೊನೇದು ಸ್ವಲ್ಪ ಬೇರೆ. ಯಜಮಾನ ಅನ್ನೋ ಅರ್ಥ ಬರುತ್ತೆ." "ನಂಜುಂಡಸ್ವಾಮಿ." ನಾನು ತಲೆಯಾಡಿಸಿದೆ. ಅವರು ನಕ್ಕು, "ಬುದ್ಧಿ ಪರೀಕ್ಷೆ ನನಗೇ ಮೊದಲು ಆಯ್ತು" ಎಂದು ಬರೆದುಕೊಂಡರು. ಹೆಂಗಸು ಒಳ್ಳೆಯವಳು ಎನ್ನಿಸಿತು.

ಆಮೇಲೆ ನನ್ನನ್ನು ಹೊರಗೆ ಕೂರಿಸಿದರು. ತಾಯಂದಿರು ಎದುರಿಗಿದ್ದರೆ ಹುಬ್ಬಿನಲ್ಲೇ ಉತ್ತರ ಹೇಳಿಕೊಡುತ್ತಾರಂತೆ. ನನಗೆ ಅಷ್ಟು ಚಾತುರ್ಯದ ಹುಬ್ಬಿಲ್ಲ ಎಂದು ಹೇಳಬೇಕೆನ್ನಿಸಿತು. ಎಲ್ಲ ಮಕ್ಕಳಿಗೂ ಅದೇ ಪ್ರಶ್ನೆ, ಅದೇ ಮಾತಿನಲ್ಲಿ, ಒಂದು ಅಕ್ಷರ ಹೆಚ್ಚುಕಡಿಮೆಯಿಲ್ಲದೆ ಕೇಳಬೇಕಂತೆ. ಸರಿ ಎಂದಾಗಲಿ ತಪ್ಪು ಎಂದಾಗಲಿ ಮುಖದಲ್ಲೂ ತೋರಿಸಬಾರದಂತೆ. ಮೊಗಸಾಲೆಯ ಬೆಂಚಿನ ಮೇಲೆ ಕೂತೆ. ದೇವರ ದಯ, ಕಿಟಕಿ ತೆಗೆದಿತ್ತು.

"ಇದೇನು ಮರಿ?" "ಹಸು." "ಇದು?" "ಕೊಡೆ." "ಇದು?" ನನ್ನ ಮಗಳು ದನಿ ತಗ್ಗಿಸಿ, "ಹುಳ" ಎಂದಳು. ನನಗೆ ಎದೆ ತುಂಬಿ ಬಂತು. ಆ ಹೊತ್ತಿಗೆ ಸೂರ್ಯ ಮುಳುಗಿದ್ದ. ಸೂರ್ಯ ಮುಳುಗಿದ ಮೇಲೆ ಹಾವನ್ನು ಹಾವು ಎನ್ನಬಾರದು. ಯಾರೂ ಪಕ್ಕದಲ್ಲಿಲ್ಲದೆ, ಅಷ್ಟು ಗಾಬರಿಯಲ್ಲೂ ಮಗುವಿಗೆ ಅದು ನೆನಪಿತ್ತಲ್ಲ.

"ಉರಿಯೋ ದೀಪಕ್ಕೆ ಜೋರಾಗಿ ಗಾಳಿ ಬೀಸಿದ್ರೆ ಏನಾಗುತ್ತೆ?" "ದೊಡ್ಡದಾಗುತ್ತೆ." "ದೀಪದ ಮೇಲೆ ನೀರು ಹಾಕಿದ್ರೆ?" "ಆಗಲೂ ದೊಡ್ಡದಾಗುತ್ತೆ." ಶಹಭಾಸ್ ಎಂದುಕೊಂಡೆ ಮನಸ್ಸಿನಲ್ಲೇ. "ಹಗಲು ಅಂದ್ರೆ ಅದರ ಎದುರು ಮಾತು ರಾತ್ರಿ. ಹಾಗೇ, ತುಂಬಿದ ಡಬ್ಬಿ ಅಂದ್ರೆ ಎದುರು ಮಾತೇನು?" "ತುಂಬಿದ ಡಬ್ಬಿ." "ಎರಡೂ ಒಂದೇನಾ?" "ಅಲ್ಲ, ಇನ್ನೊಂದನ್ನ ಅಪ್ಪ ತುಂಬಿಸ್ಕೊಂಡು ಬರ್ಬೇಕು." ಎಷ್ಟು ಬಿಡಿಸಿ ಹೇಳಿದಳು ನೋಡಿ. "ಒಂದು ಹುಡುಗಿ ಕೈಲಿ ಆರು ಬಳೆ ಇದ್ವು. ಬಿದ್ದು ಎರಡು ಒಡೆದ್ವು. ಈಗ ಎಷ್ಟಾಯ್ತು?" ಈ ಪ್ರಶ್ನೆಗೆ ನನಗೇ ಸ್ವಲ್ಪ ಬೇಸರವಾಯಿತು. ಸಾಯಂಕಾಲದ ಹೊತ್ತು, ಹೆಣ್ಣುಮಗುವಿನ ಮುಂದೆ, ಬಳೆಗೆ ಅಂಥ ಮಾತು ಆಡುತ್ತಾರೆಯೇ? ಆ ಬೇಸರದಲ್ಲಿ ಉತ್ತರದ ಕಡೆ ನನ್ನ ಗಮನವೇ ಹೋಗಲಿಲ್ಲ. ಗಿರಿಜೆ "ಎಂಟು" ಎಂದದ್ದು ಕೇಳಿಸಿತು. ಎಂಟೋ ಹತ್ತೋ, ಥಟ್ಟನೆ ಹೇಳಿದಳಲ್ಲ ಎಂದು ಸಂತೋಷಪಟ್ಟೆ. ಒಟ್ಟಿನಲ್ಲಿ ಒಂದೇ ಒಂದು ಕೆಟ್ಟ ಮಾತು ಅವಳ ಬಾಯಿಂದ ಬರಲಿಲ್ಲ. ಅತ್ತೆಯವರು ಕೇಳಿದ್ದರೆ ದೃಷ್ಟಿ ತೆಗೆಯುತ್ತಿದ್ದರು.

ಲೀಲಾವತಿಯವರು ಹೊರಗೆ ಬಂದಾಗ ನಾನು ಮದುವೆಯ ಬೀಗಿತ್ತಿಯ ಹಾಗೆ ಎದ್ದು ನಿಂತೆ. ಅವರ ಮುಖ ಮಾತ್ರ ಬೀಗರಿಗೆ ಊಟ ಸಾಲದೆ ಹೋದಾಗಿನ ಅಡಿಗೆಯವರ ಮುಖದ ಹಾಗಿತ್ತು. ಮಗುವನ್ನು ಬೆಂಚಿನ ಆಚೆ ತುದಿಯಲ್ಲಿ ಒಂದು ಚಿತ್ರದ ಪುಸ್ತಕ ಕೊಟ್ಟು ಕೂರಿಸಿ, ನನ್ನನ್ನು ಒಳಗೆ ಕರೆದರು. "ನೋಡಿಯಮ್ಮ, ಒಂದೊಂದು ವಯಸ್ಸಿನ ಮಕ್ಕಳು ಸಾಮಾನ್ಯವಾಗಿ ಯಾವ ಪ್ರಶ್ನೆಗೆ ಉತ್ತರ ಕೊಡ್ತಾರೆ ಅಂತ ನೂರಾರು ಮಕ್ಕಳನ್ನ ಕೇಳಿ ಗೊತ್ತುಮಾಡಿರ್ತಾರೆ. ಅದರ ಪಕ್ಕದಲ್ಲಿ ನಿಮ್ಮ ಮಗುವನ್ನ ನಿಲ್ಲಿಸಿ ನೋಡೋದು, ಅಷ್ಟೇ. ಇವಳ ಮೈಗೆ ಏಳು ವರ್ಷ. ಬುದ್ಧಿಗೆ ಐದು ವರ್ಷ ಅಂತ ಬರ್ತಿದೆ" ಎಂದರು.

ಉಳಿದ ಎರಡು ವರ್ಷ ಎಲ್ಲಿ ಹೋಯಿತು? ನನ್ನ ಕಣ್ಣೆದುರಿಗೇ ಬೆಳೆದ ಮಗು. ಎರಡು ವರ್ಷದ ಬುದ್ಧಿ ಎಲ್ಲಿಯಾದರೂ ಬಿದ್ದು ಹೋಗಿದ್ದರೆ ಗುಡಿಸುವಾಗಲಾದರೂ ನನ್ನ ಕೈಗೆ ಸಿಕ್ಕಬೇಕಿತ್ತು. "ಹೆಡ್‌ಮಿಸ್ಟ್ರೆಸ್ಸಿಗೆ ಏನು ಹೇಳ್ತೀರಿ ತಾಯಿ?" ಎಂದೆ ಕೊನೆಗೆ. "ಬಂದದ್ದನ್ನ ಹೇಳ್ಬೇಕಾಗುತ್ತಲ್ಲಮ್ಮ" ಎಂದರು, ಪಾಪ, ತಗ್ಗಿದ ದನಿಯಲ್ಲಿ. ನಾನು ಸೆರಗಿನಲ್ಲಿ ಕಣ್ಣೊರೆಸಿಕೊಂಡೆ. ಅವತ್ತು ಕೈಯಲ್ಲಿ ಖಾರವಿರಲಿಲ್ಲ. ಅದೂ ಶಿವನ ಕೃಪೆಯೇ. ಅವರು ಪೆಟ್ಟಿಗೆಗೆ ಬೀಗ ಹಾಕಿದರು, ಚೀಲ ತೆಗೆದುಕೊಂಡರು, ಬಾಗಿಲ ಹತ್ತಿರ ಹೋಗಿ ಗೋಡೆಯ ಗುಂಡಿಗೆ ಕೈ ಚಾಚಿ, "ಜೋಪಾನ, ದೀಪ ಆರಿಸ್ತೀನಿ" ಎಂದರು.

"ದೊಡ್ಡದು ಮಾಡ್ತೀನಿ ಅನ್ನಿ ತಾಯಿ" ಎಂದುಬಿಟ್ಟೆ ನಾನು.

ಅಳುವಿನ ನಡುವೆ, ನನಗೂ ಗೊತ್ತಿಲ್ಲದೆ, ಬಾಯಿಂದ ಬಂದುಬಿಟ್ಟಿತು. ಅತ್ತೆಯವರೇ ನನ್ನ ಗಂಟಲಲ್ಲಿ ಕೂತು ಹೇಳಿದ ಹಾಗಿತ್ತು. ಲೀಲಾವತಿಯವರ ಕೈ ಗುಂಡಿಯ ಮೇಲೆಯೇ ನಿಂತಿತು. "ಏನಂದ್ರಿ?" ಎಂದರು. ಓದಿದವರನ್ನು ತಿದ್ದುವುದಕ್ಕೆ ಹೋದೆನಲ್ಲ ಎಂದು ನಾಚಿಕೆಯಾಗಿ, "ಏನಿಲ್ಲ ತಾಯಿ, ನಮ್ಮನೇಲಿ ದೀಪಕ್ಕೆ ಹಾಗನ್ನಲ್ಲ" ಎಂದೆ. ಅವರು ಕನ್ನಡಕ ತೆಗೆದರು, ಒರೆಸಿದರು, ಮತ್ತೆ ಹಾಕಿಕೊಂಡರು. ಚೀಲ ಮೇಜಿನ ಮೇಲಿಟ್ಟರು. "ಮಗೂನ ಒಳಗೆ ಕರೀರಿ" ಎಂದರು.

ಗಿರಿಜೆ ಬಂದು ನಿಂತಳು. "ಮರಿ, ಗಾಳಿ ಬೀಸಿದ್ರೆ ದೀಪ ದೊಡ್ಡದಾಗುತ್ತೆ ಅಂದ್ಯಲ್ಲ, ಆಗ ಕೋಣೇಲಿ ಬೆಳಕಿರುತ್ತೋ ಕತ್ತಲೆಯಾಗುತ್ತೋ?"

"ಕತ್ತಲೆ" ಎಂದಳು ಗಿರಿಜೆ. ಇಷ್ಟೂ ಗೊತ್ತಿಲ್ಲವೇ ಎಂಬ ಹಾಗೆ ಅವರ ಮುಖ ನೋಡಿದಳು.

"ಆ ಚಿತ್ರದಲ್ಲಿ ಹುಳ ಅಂದ್ಯಲ್ಲ, ಅದಕ್ಕೆ ಬೆಳಿಗ್ಗೆ ಏನಂತೀಯ?"

"ಬೆಳಿಗ್ಗೆ ಹಾವು."

"ಸರಿ. ಆರು ಬಳೇಲಿ ಎರಡು ಒಡೆದ್ರೆ ಎಂಟು ಹೇಗಾಯ್ತು?"

"ಹಾಗನ್ನಬಾರದು. ಎರಡು ಹೆಚ್ಚಿದ್ವು. ಆರಕ್ಕೆ ಎರಡು ಹೆಚ್ಚಿದ್ರೆ ಎಂಟು."

"ಆ ಹುಡುಗಿ ಕೈಲಿ ಎಂಟು ಬಳೆ ಇರುತ್ತಾ?"

"ಅಯ್ಯೋ, ಕೈಲಿ ನಾಲ್ಕೇ. ಲೆಕ್ಕದಲ್ಲಿ ಎಂಟು."

ಲೀಲಾವತಿಯವರು ಕುರ್ಚಿಗೆ ಕುಸಿದು ಕೂತು, ಬಾಯಿಗೆ ಸೆರಗು ಅಡ್ಡ ಹಿಡಿದು ನಕ್ಕರು. ಪರೀಕ್ಷೆ ಮಾಡುವವರು ನಗಬಾರದು ಎಂದು ಅವರೇ ಹೇಳಿದ್ದು. ಪರೀಕ್ಷೆ ಮುಗಿದಿತ್ತು, ಬಾಧಕವಿಲ್ಲ. ನನಗೆ ಮಾತ್ರ ನಗು ಬರಲಿಲ್ಲ. ಕಳೆಯುವ ಲೆಕ್ಕ ಮಾತ್ರ ಏಕೆ ಬರುವುದಿಲ್ಲ ಎನ್ನುವುದು ಆಗ ಹೊಳೆಯಿತು. ಶಾಲೆಯ ಕಳೆಯುವ ಲೆಕ್ಕದಲ್ಲಿ ಯಾವಾಗಲೂ ಏನೋ ಒಡೆಯುತ್ತದೆ, ಆರುತ್ತದೆ, ಮುಗಿಯುತ್ತದೆ. ಮಗು ಅದನ್ನೆಲ್ಲ ಮನೆಯ ಮಾತಿಗೆ ತಿರುಗಿಸಿಕೊಂಡು, ಭಯಭಕ್ತಿಯಿಂದ ಕೂಡಿಕೊಂಡು ಕೂತಿದೆ. ಎರಡು ವರ್ಷದ ಬುದ್ಧಿ ಎಲ್ಲೂ ಬಿದ್ದಿರಲಿಲ್ಲ. ಅತ್ತೆಯವರೂ ನಾನೂ ಸೇರಿ ಅದನ್ನು ಜೋಪಾನವಾಗಿ ದೇವರ ಕೋಣೆಯಲ್ಲಿ ಕಟ್ಟಿಟ್ಟಿದ್ದೆವು.

"ಹಾಗಾದ್ರೆ ಆ ಉತ್ತರಗಳನ್ನೆಲ್ಲ ಸರಿ ಮಾಡ್ಕೊಂಬುಡಿ ತಾಯಿ" ಎಂದೆ ಆಸೆಯಿಂದ. ಅವರು ಅಡ್ಡಡ್ಡ ತಲೆಯಾಡಿಸಿದರು. "ಹಾಗೆ ಮಾಡೋ ಹಾಗಿಲ್ಲಮ್ಮ. ನೀವು ಅಂಗಡೀಲಿ ಅಕ್ಕಿ ಅಳೆಸಿಕೊಳ್ತೀರಿ. ಅಂಗಡಿಯವನು ಗುರುತಿನೋರಿಗೆ ಪಾವಿನ ಮೇಲೆ ಗೋಪುರ ಮಾಡಿ, ಉಳಿದೋರಿಗೆ ತಲೆ ಸವರಿ ಅಳೆದ್ರೆ ಒಪ್ತೀರಾ? ಎಲ್ಲಾರಿಗೂ ಒಂದೇ ಅಳತೆ ಇರ್ಬೇಕು. ಈ ಪ್ರಶ್ನೆಗಳು ಪರದೇಶದಿಂದ ಬಂದದ್ದು. ಕನ್ನಡಕ್ಕೆ ತಿರುಗಿಸಿದವರಲ್ಲಿ ನಾನೂ ಒಬ್ಬಳು. ನಮ್ಮಮ್ಮನೂ ಬಳೆಗೆ ಹೆಚ್ಚಿತು ಅಂತಲೇ ಅಂತಿದ್ರು. ಪುಸ್ತಕ ಹಿಡಿದು ಕೂತಾಗ ಅದು ನನ್ನ ತಲೆಗೇ ಬರ್ಲಿಲ್ಲ. ಇನ್ನೊಂದು ಜೊತೆ ಪ್ರಶ್ನೆಗಳಿವೆ. ಮಾತೇ ಬೇಡದ ಪರೀಕ್ಷೇನೂ ಇದೆ, ಮರದ ತುಂಡು ಜೋಡಿಸೋದು, ದಾರಿ ಹುಡುಕೋದು. ಮುಂದಿನ ವಾರ ಬನ್ನಿ, ಹೊಸದಾಗಿ ಅಳೆಯೋಣ. ಅಲ್ಲೀವರೆಗೆ ಶಾಲೆಗೆ ನಾನೇನೂ ಹೇಳಲ್ಲ." ಪಾವಿನ ಮಾತು ನನಗೆ ಅರ್ಥವಾಯಿತು. ನಮ್ಮ ಬೀದಿಯ ಅಂಗಡಿಯವನು ಕಮಲಮ್ಮನವರಿಗೆ ಗೋಪುರ ಮಾಡುವುದನ್ನು ನಾನೇ ಕಣ್ಣಾರೆ ಕಂಡಿದ್ದೇನೆ.

ಹೊರಡುವಾಗ ಅವರು ಒಂದು ಕಟ್ಟುನಿಟ್ಟು ಮಾಡಿದರು. "ಮನೇಲಿ ಏನೂ ಹೇಳ್ಕೊಡಬೇಡಿ. ಹೇಳ್ಕೊಟ್ರೆ ನಿಮ್ಮ ಬುದ್ಧಿ ಅಳೆದ ಹಾಗಾಗುತ್ತೆ. ಇಲ್ಲಿ ಯಾವ ಮಾತು ಬೇಕಾದ್ರೂ ಆಡಬಹುದು ಅಂತ ಮಾತ್ರ ಹೇಳಿ, ಸಾಕು." ಆ ವಾರ ನಾನು ಪಟ್ಟ ಪಾಡು ಯಾರಿಗೂ ಬೇಡ. ತಾಯಿಯಾದವಳಿಗೆ ಹೇಳಿಕೊಡು ಎಂದರೆ ಸುಲಭ, ಸುಮ್ಮನಿರು ಎಂದರೆ ವ್ರತ. ಒಂದೆಲಗವನ್ನೂ ಬಿಟ್ಟೆ. ಜಟಕಾದಲ್ಲಿ ಬರುವಾಗಲೇ ಮಗುವಿಗೆ ಹೇಳಿದ್ದೆ, "ಆ ಮೇಜಿನ ಮುಂದೆ ಏನು ಬೇಕಾದ್ರೂ ಅನ್ನಬಹುದು ಕಣೇ. ಶಿವ ಏನೂ ಅಂದ್ಕೊಳ್ಳಲ್ಲ." ಅವಳು ಯೋಚಿಸಿ ಕೇಳಿದಳು, "ಮನೇಲಿ ಅಂದ್ಕೊಳ್ತಾನಾ?" ನಾನು ಕುದುರೆಯ ಬಾಲ ನೋಡುತ್ತಾ ಕೂತೆ. ವಾರವೆಲ್ಲ ಅದೇ ಪ್ರಶ್ನೆ ನನ್ನ ತಲೆಯಲ್ಲಿತ್ತು. ಮಗುವಿನ ಮನಸ್ಸಿನಲ್ಲಿರುವುದನ್ನು ಬಲ್ಲ ಸ್ವಾಮಿ, ಅದರ ಬಾಯಿಂದ ಬಂದ ಒಂದು ಮಾತಿಗೆ ಮುನಿದುಕೊಳ್ಳುತ್ತಾನೆಯೇ? ಪೂಜೆಗೆ ಕೂತಾಗ ಕೇಳಿಕೊಂಡೆ. ಅವನೂ ಪರೀಕ್ಷೆ ಮಾಡುವವರ ಹಾಗೆಯೇ, ಸರಿ ತಪ್ಪು ಮುಖದಲ್ಲಿ ತೋರಿಸಲಿಲ್ಲ.

ಎರಡನೆಯ ಸಲ ಹೋದಾಗ ಕಿಟಕಿಯ ಹತ್ತಿರ ಕೂರಲಿಲ್ಲ. ಮೊಗಸಾಲೆಯ ಆ ತುದಿಗೆ ಹೋಗಿ ಕಣ್ಣು ಮುಚ್ಚಿಕೊಂಡು ಪಂಚಾಕ್ಷರಿ ಜಪ ಮಾಡಿದೆ. ಮರದ ತುಂಡುಗಳ ಕಟಕಟ ಸದ್ದು ಮಾತ್ರ ಕೇಳುತ್ತಿತ್ತು. ಬಹಳ ಹೊತ್ತಾದ ಮೇಲೆ ಲೀಲಾವತಿಯವರು ಬಂದು ನನ್ನ ಹೆಗಲು ಮುಟ್ಟಿದರು. "ಸಾಧಾರಣ ಕಣಮ್ಮ" ಎಂದರು. "ವಯಸ್ಸಿಗೆ ತಕ್ಕ ಬುದ್ಧಿ. ಏಳಕ್ಕೆ ಏಳು, ಒಂದು ಚೂರು ಮೇಲೆ."

ಸಾಧಾರಣ. ಬೇರೆ ತಾಯಂದಿರು ಈ ಮಾತಿಗೆ ಮುಖ ಸಣ್ಣದು ಮಾಡುತ್ತಾರೇನೋ. ನನಗೆ ಅದರಷ್ಟು ಸಿಹಿಯಾದ ಮಾತು ಯಾವುದೂ ಕೇಳಿದ ನೆನಪಿಲ್ಲ. ನನ್ನ ಬದುಕಿನಲ್ಲಿ ಶಿವ ಕೊಟ್ಟದ್ದೆಲ್ಲ ಸಾಧಾರಣವೇ. ಸಾಧಾರಣ ಮನೆ, ಸಾಧಾರಣ ಸಂಬಳದ ಒಳ್ಳೆಯ ಗಂಡ, ಮಳೆಗಾಲದಲ್ಲಿ ಒಂದೇ ಕಡೆ ಸೋರುವ ಹೆಂಚು. ಅದರ ಜೊತೆಗೆ ಸಾಧಾರಣ ಬುದ್ಧಿಯ ಮಗಳು. ಇನ್ನೇನು ಬೇಕು? ಶಾಲೆಗೆ ಅವರೇ ತಿಳಿಸಿದರು. ಗಿರಿಜೆ ಎರಡನೇ ಕ್ಲಾಸಿನಲ್ಲೇ ಉಳಿದಳು. ರುಕ್ಮಿಣಿ ಟೀಚರು ಈಗ ಅವಳಿಗೆ ಬಳೆ ದೀಪ ಎಲ್ಲ ಬಿಟ್ಟು, ಮಾವಿನಹಣ್ಣು ತಿಂದ ಲೆಕ್ಕ ಕೊಡುತ್ತಾರೆ. ತಿನ್ನುವುದಕ್ಕೆ ನಮ್ಮ ಮನೆಯಲ್ಲಿ ಯಾವ ನಿಷೇಧವೂ ಇಲ್ಲವಾದ್ದರಿಂದ ಎಲ್ಲ ಸರಿಯಾಗಿ ಮಾಡುತ್ತಾಳಂತೆ.

ಬುದ್ಧಿಯ ಅಂಕಿ ಎಷ್ಟು ಎಂದು ಕೇಳಿದ್ದೆ. ಮನಸ್ಸಿನ ವಯಸ್ಸನ್ನು ಮೈಯ ವಯಸ್ಸಿನಿಂದ ಭಾಗಿಸಿ ನೂರರಿಂದ ಗುಣಿಸುತ್ತಾರಂತೆ. ನೂರು ಎಂದರೆ ಸರಿಸಮ, ಇವಳದು ನೂರರ ಮೇಲೆ ಸ್ವಲ್ಪ. ಬೀದಿಗೆ ಬಂದ ತಕ್ಷಣ ಕಮಲಮ್ಮನವರು ಬಾಗಿಲಲ್ಲೇ ಹಿಡಿದರು. "ಎಷ್ಟು ಬಂತ್ರೀ?" "ನೂರರ ಮೇಲೆ" ಎಂದೆ. ಅವರು ಗಲ್ಲಕ್ಕೆ ಕೈ ಹಚ್ಚಿಕೊಂಡರು. "ನೂರಕ್ಕೆ ನೂರಕ್ಕಿಂತ ಜಾಸ್ತೀನಾ? ನಮ್ಮ ಭಾವನೋರ ಮಗ ಲೆಕ್ಕದಲ್ಲಿ ತೊಂಬತ್ತು ತಗೊಂಡಾಗ ಬೀದಿಗೆಲ್ಲ ಪೇಡ ಹಂಚಿದ್ರಲ್ಲಪ್ಪ." ಭಾಗಾಕಾರ ಗುಣಾಕಾರವನ್ನೆಲ್ಲ ಬಾಗಿಲಲ್ಲಿ ನಿಂತು ವಿವರಿಸುವುದು ಸರಿಯಲ್ಲ ಎಂದು ನಾನು ಸುಮ್ಮನೆ ಒಳಗೆ ಬಂದೆ.

ಮುಂದಿನ ಸೋಮವಾರ ಸಾಯಂಕಾಲ ಲೀಲಾವತಿಯವರನ್ನು ಊಟಕ್ಕೆ ಕರೆದೆ. ಬೆಳಗಿನಿಂದ ಒಲೆಯ ಮುಂದೆಯೇ ಇದ್ದೆ. ಕಾಯಿ ಹೋಳಿಗೆ, ಕೋಸಂಬರಿ, ಹುರುಳಿಕಾಯಿ ಪಲ್ಯ, ತಿಳಿಸಾರು. ಮನಸ್ಸು ಹತ್ತಿಯ ಹಾಗೆ 'ಸಾಧಾರಣ, ಸಾಧಾರಣ' ಎಂದು ತೇಲುತ್ತಿತ್ತು. ಕೈ ತನ್ನಷ್ಟಕ್ಕೆ ತಾನು ಕೆಲಸ ಮಾಡುತ್ತಿತ್ತು. ದೀಪ ಹಚ್ಚಿ, ಎಲೆ ಹಾಕಿ, ನಮ್ಮವರನ್ನೂ ಲೀಲಾವತಿಯವರನ್ನೂ ಗಿರಿಜೆಯನ್ನೂ ಕೂರಿಸಿ ಬಡಿಸಿದೆ. ಅನ್ನಕ್ಕೆ ಸಾರು ಹಾಕಿದೆ. ನಮ್ಮವರು ಒಂದು ತುತ್ತು ತಿಂದರು, ಸೂರು ನೋಡಿದರು, ಇನ್ನೊಂದು ತುತ್ತು ತಿಂದರು. ಲೀಲಾವತಿಯವರು ಒಂದು ತುತ್ತು ತಿಂದು, ನನ್ನ ಕಡೆ ನೋಡಿ ನಕ್ಕು, "ಚೆನ್ನಾಗಿದೆ ಕಣಮ್ಮ" ಎಂದರು. ಗಿರಿಜೆ ಒಂದು ತುತ್ತು ತಿಂದು ತಲೆಯೆತ್ತಿದಳು.

"ಅಮ್ಮ, ಸಾರಿಗೆ ಉಪ್ಪಿಲ್ಲ."

ದೀಪ ಹಚ್ಚಿದ ಮೇಲೆ ಉಪ್ಪನ್ನು ಉಪ್ಪು ಎನ್ನಬಾರದು, ರುಚಿ ಎನ್ನಬೇಕು. ಇಲ್ಲ ಎನ್ನುವುದನ್ನಂತೂ ಯಾವ ಹೊತ್ತಿನಲ್ಲೂ ಎನ್ನಬಾರದು. ಎರಡನ್ನೂ ಒಂದೇ ಉಸಿರಿಗೆ, ಸೋಮವಾರ, ಅತಿಥಿಗಳ ಮುಂದೆ ಹೇಳಿಬಿಟ್ಟಳು ನನ್ನ ಮಗಳು. ಎಲ್ಲರೂ ತುತ್ತು ಹಿಡಿದುಕೊಂಡು ನನ್ನ ಮುಖ ನೋಡಿದರು. ದೇವರ ಕೋಣೆಯ ಕಡೆ ನಾನೂ ಒಂದು ಸಲ ನೋಡಿದೆ. ಯಾವ ಗಂಟೆಯೂ ಮೊಳಗಲಿಲ್ಲ. ನಮ್ಮವರು ಹಗುರಾದ ದನಿಯಲ್ಲಿ, "ಹೌದು ಕಣೇ, ಇಲ್ಲ. ಪಲ್ಯಕ್ಕೂ ಇಲ್ಲ" ಎಂದರು. ಲೀಲಾವತಿಯವರು ಎಲೆಯ ಮೇಲೆ ಬಗ್ಗಿ, ಭುಜ ಕುಲುಕಿಸಿ ನಗುತ್ತಿದ್ದರು. ಆ ಮನೆಯಲ್ಲಿ ಆ ಹೊತ್ತು ಸರಿಯಾದ ಉತ್ತರ ಕೊಟ್ಟದ್ದು ಸಾಧಾರಣ ಬುದ್ಧಿಯವಳೊಬ್ಬಳೇ. "ಇಲ್ಲ ಅಂದ್ರೆ ಹಾಕ್ಕೊಂಡು ಬರ್ತೀನಿ, ಅದಕ್ಕೇನು" ಎಂದು ಹೇಳಿ, ಸಾರಿನ ಪಾತ್ರೆ ಎತ್ತಿಕೊಂಡು ಅಡಿಗೆಮನೆಗೆ ಹೋದೆ. ಉಪ್ಪಿನ ಭರಣಿಯಿಂದ ಒಂದಿಷ್ಟು ಹರಳು ತೆಗೆದು ಹಾಕಿ, ಸೌಟಿನಲ್ಲಿ ತಿರುವಿ, ಮತ್ತೆ ಒಲೆಯ ಮೇಲಿಟ್ಟೆ.